ಗಿರಣಿ ಫಕೀರಪ್ಪ ಕೊಡದೆ ಉಳಿಸಿದ ಹತ್ತು

ಗದಗಿನ ಆಚೆ ಒಂದು ಊರಿನಲ್ಲಿ ಫಕೀರಪ್ಪ ಎಂಬ ಹಿಟ್ಟಿನ ಗಿರಣಿಯವನಿದ್ದ. ಅವನಿಗೆ ಬೀಡಿಯ ಚಟವಿರಲಿಲ್ಲ, ಎಲೆಯಡಿಕೆಯ ಚಟವಿರಲಿಲ್ಲ. ಇದ್ದದ್ದು ಒಂದೇ ಚಟ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡುವುದು.

ಆ ಊರಿನಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದ ಕೂಡಲೆ ಗಿರಣಿಯ ಪಟ್ಟಾ ನಿಂತು ಎಲ್ಲ ಗಪ್‌ಚಿಪ್. ಜೋಳ, ಗೋಧಿ ತಂದ ಹೆಂಗಸರು ತಮ್ಮ ತಮ್ಮ ಡಬ್ಬಿಯ ಪಕ್ಕ ಕಾಲು ಚಾಚಿ ಕೂರುತ್ತಿದ್ದರು. ಮನೆಗೆ ಹೋಗಿ ಬರೋಣವೆಂದರೆ ಪಾಳಿ ತಪ್ಪುತ್ತದೆ, ಕೂತರೆ ಹೊತ್ತು ಹೋಗುವುದಿಲ್ಲ. ಆಗ ಯಾರಾದರೊಬ್ಬರು, “ಫಕೀರಪ್ಪಣ್ಣಾ, ಛತ್ರಿಗೆ ಎಷ್ಟು?” ಎಂದರೆ ಸಾಕು, ಸಭೆ ಶುರುವಾಗುತ್ತಿತ್ತು.

ಛತ್ರಿಗೆ ನಾಲ್ಕು. ಗಾಳಿ ಇಲ್ಲದಾಗ ಭಾರಿ ಶೂರ, ಗಾಳಿ ಬಂದರೆ ಯಜಮಾನನನ್ನೇ ಬಿಟ್ಟು ಓಡುತ್ತದೆ. ಕುಕ್ಕರಿಗೆ ಐದು. ಬೇಯಿಸುವುದು ಒಂದು ಹಿಡಿ ಬೇಳೆ, ಕೂಗುವುದು ಮಾತ್ರ ಓಣಿಗೆಲ್ಲ ಕೇಳುವಂತೆ. ಪ್ಲಾಸ್ಟಿಕ್ ಕುರ್ಚಿಗೆ ಏಳು. ಮದುವೆಗೂ ಅದೇ ಬೇಕು, ಮಣ್ಣಿಗೆ ಹೋಗಿ ಬಂದವರಿಗೂ ಅದೇ ಬೇಕು. ಆದರೆ ದಪ್ಪ ಬೀಗರು ಕೂತರೆ ಕಾಲು ಅಗಲಿಸಿಬಿಡುತ್ತದೆ ಎಂದು ಮೂರು ಕಡಿತ. ಸೀರೆಯ ಪಿನ್ನಿಗೆ ಒಂಬತ್ತು. ಸೆರಗು ಹಿಡಿಯುತ್ತದೆ, ಕಿತ್ತುಹೋದ ಚಪ್ಪಲಿ ಹಿಡಿಯುತ್ತದೆ, ಕಾಲಿನ ಮುಳ್ಳು ತೆಗೆಯುತ್ತದೆ, ಆಮೇಲೆ ಬಳೆಗೆ ನೇತುಬಿದ್ದು ಸುಮ್ಮನಿರುತ್ತದೆ. ಇಷ್ಟು ಮಾಡಿ ಇಷ್ಟು ಸುಮ್ಮನಿರುವವರು ಈ ಊರಿನಲ್ಲಿ ಇನ್ಯಾರಿದ್ದಾರೆ ಎಂದು ಅವನು ಕೇಳಿದರೆ ಹೆಂಗಸರು ತಮ್ಮ ತಮ್ಮ ಬಳೆ ನೋಡಿಕೊಳ್ಳುತ್ತಿದ್ದರು.

ಸಿನಿಮಾ, ಟೀವಿಯವರನ್ನೂ ಅವನು ಬಿಡುತ್ತಿರಲಿಲ್ಲ. ಹೀರೋಗೆ ಆರು. ಒಂದು ಗುಂಪನ್ನೇ ಹೊಡೆದುರುಳಿಸಿದರೂ ಅವನ ಅಂಗಿಯ ಇಸ್ತ್ರಿ ಕೆಡುವುದಿಲ್ಲವಲ್ಲ, ಆ ಇಸ್ತ್ರಿ ಮಾಡಿದವನಿಗೆ ಎಂಟು. ಧಾರಾವಾಹಿಯ ಅತ್ತೆಗೆ ಎರಡು. ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಸರ ಹಾಕಿಕೊಂಡು ಮಲಗುವವಳಿಗೆ ನಿದ್ದೆಯಾದರೂ ಹೇಗೆ ಬಂದೀತು? ನಿದ್ದೆ ಇಲ್ಲದ್ದಕ್ಕೇ ಸೊಸೆಯ ಮೇಲೆ ಹರಿಹಾಯುತ್ತಾಳೆ ಎಂದು ಅವನ ತೀರ್ಪು. ಬೆಳಿಗ್ಗೆ ಟೀವಿಯಲ್ಲಿ ರಾಶಿಫಲ ಹೇಳುವ ಜ್ಯೋತಿಷಿಗೆ ಒಂದು. ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಿದ ದಿನ ಇನ್ನೊಂದು ಕೊಡುತ್ತೇನೆ ಎನ್ನುತ್ತಿದ್ದ.

ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ನಗುತ್ತಲೇ ನಂಬುತ್ತಲೂ ಇದ್ದರು. ಮಿಕ್ಸರ್ ಕೊಳ್ಳುವ ಮೊದಲು ಅವನನ್ನು ಕೇಳಿ ಹೋಗುವವರಿದ್ದರು. ಒಮ್ಮೆ ಮಠದ ಸ್ವಾಮಿಗಳೇ ತಮಾಷೆಗೆಂದು ತಮ್ಮ ಪ್ರವಚನಕ್ಕೆ ಎಷ್ಟೆಂದು ಕೇಳಿದರಂತೆ. ಫಕೀರಪ್ಪ ಕೈಮುಗಿದು, ಪ್ರಸಾದ ಆರುವ ಮೊದಲು ಮುಗಿದಿದ್ದರೆ ಏಳು, ಈಗ ಐದು, ಬುದ್ಧಿ ಎಂದನಂತೆ. ಮುಖ ನೋಡಿ ಮಣೆ ಹಾಕುವವನಲ್ಲ ಎಂದು ಅವತ್ತಿನಿಂದ ಅವನ ಹೆಸರು ಇನ್ನೂ ಗಟ್ಟಿಯಾಯಿತು.

ಆದರೆ ಅವನು ಯಾವುದಕ್ಕೂ ಹತ್ತು ಕೊಡುತ್ತಿರಲಿಲ್ಲ. ಕೇಳಿದರೆ, ಹತ್ತು ಸ್ಟಾಕ್ ಇಲ್ಲ ಎಂದು ನಗಿಸಿ ಮಾತು ತೇಲಿಸುತ್ತಿದ್ದ. ಕಾರಣ ಬಲ್ಲ ಹಿರಿಯರು ಆಗ ನಗುತ್ತಿರಲಿಲ್ಲ.

ಫಕೀರಪ್ಪ ಮತ್ತು ಅವನ ಹೆಂಡತಿ ನೀಲವ್ವನಿಗೆ ಮೊದಲು ಒಬ್ಬ ಮಗನಿದ್ದ. ಸಂಗಮೇಶ ಎಂದು ಹೆಸರು. ಆಗಷ್ಟೇ ನಡೆಯಲು ಕಲಿತ ಮಗುವನ್ನು ಫಕೀರಪ್ಪ ಹೆಗಲ ಮೇಲೆ ಕೂರಿಸಿಕೊಂಡು ಸಂತೆಯೆಲ್ಲ ಸುತ್ತಿಸಿ, ನನ್ನ ಮಗನಿಗೆ ಹತ್ತಕ್ಕೆ ಹತ್ತು ಎಂದು ಎದುರಾದವರಿಗೆಲ್ಲ ಹೇಳಿದ್ದ. ಅದೇ ವಾರ ಮಗುವಿಗೆ ಜ್ವರ ಬಂತು, ಇಳಿಯಲಿಲ್ಲ. ಜ್ವರ ಜ್ವರವೇ. ಆದರೆ ಹೆತ್ತವರ ಕರುಳಿಗೆ ಒಂದು ಕಾರಣ ಬೇಕು. ದೃಷ್ಟಿ ತಾಗಿತು, ನನ್ನ ಬಾಯಿಂದಲೇ ತಾಗಿತು ಎಂದು ಫಕೀರಪ್ಪ ನಂಬಿದ.

ಆಮೇಲೆ ಹೆಣ್ಣು ಮಗು ಹುಟ್ಟಿತು. ಇದಾದರೂ ಉಳಿಯಲಿ ಎಂದು ಅಲ್ಲಿಯವರು ಮಾಡುವಂತೆ ಮಾಡಿದರು. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಯಾರೋ ಎಸೆದು ಹೋದದ್ದನ್ನು ಎತ್ತಿಕೊಂಡು ಬಂದಂತೆ ಮನೆಗೆ ತಂದರು. ತಿಪ್ಪವ್ವ ಎಂದು ಹೆಸರಿಟ್ಟರು. ತಿಪ್ಪೆಯಲ್ಲಿ ಬಿದ್ದದ್ದರ ಮೇಲೆ ಯಾರ ಕಣ್ಣು ಬಿದ್ದೀತು? ಇಂಥ ಮಗುವನ್ನು ನಾಲ್ಕು ಜನರ ಎದುರು ಹೊಗಳಬಾರದು, ತೆಗಳಬೇಕು. ಹೀಗೆ ತೆಗಳುವುದು ನಿನ್ನ ಒಳ್ಳೆಯದಕ್ಕೆ ಎಂದು ಮಗುವಿಗೆ ಹೇಳಲೂಬಾರದು. ಹೇಳಿದರೆ ಕಾವಲು ಮುರಿಯುತ್ತದೆ ಎಂದು ನಂಬಿಕೆ.

ಫಕೀರಪ್ಪ ಇದನ್ನು ಚಾಚೂ ತಪ್ಪದೆ ಪಾಲಿಸಿದ. ತಿಪ್ಪವ್ವ ಮೊದಲ ರೊಟ್ಟಿ ಬಡಿದಾಗ ಎರಡು ಮಾರ್ಕು ಕೊಟ್ಟ. ಅವಳು ಪಾಸಾದಾಗ ನಾಲ್ಕು. ಹಬ್ಬಕ್ಕೆ ಹೊಸ ಲಂಗ ಹಾಕಿ ಎದುರು ನಿಂತಾಗ ಲಂಗಕ್ಕೆ ಏಳು, ಹಾಕಿಕೊಂಡವಳಿಗೆ ಮೂರು ಎಂದ. ಅವಳು ನಿದ್ದೆ ಹೋದ ಮೇಲೆ ಪಕ್ಕದಲ್ಲಿ ಕೂತು ತಲೆ ನೇವರಿಸುತ್ತಿದ್ದ. ಆದರೆ ನಿದ್ದೆಯಲ್ಲಿದ್ದವಳಿಗೆ ಅದು ಹೇಗೆ ತಿಳಿಯಬೇಕು? ಎಚ್ಚರವಿದ್ದಾಗ ಕೇಳಿದ್ದಷ್ಟೇ ಅವಳ ಪಾಲಿನದು.

ಹಾಗಿದ್ದೂ ಹುಡುಗಿ ಮುದುಡಲಿಲ್ಲ, ಏಕೆಂದರೆ ಅವಳಿಗೆ ಹಾಡು ಬರುತ್ತಿತ್ತು. ನೀಲವ್ವ ತನ್ನ ತವರಿನಿಂದ ತಂದ ಬೀಸುವ ಪದಗಳನ್ನು ಮಗಳಿಗೆ ಕಲಿಸಿದ್ದಳು. ಗಿರಣಿಯ ಮೂಲೆಯಲ್ಲಿ ಹಿಟ್ಟು ಸಾಣಿಸುತ್ತ ತಿಪ್ಪವ್ವ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಅವಳ ದನಿ ಒಮ್ಮೆಲೇ ಗಿರಣಿಯನ್ನೆಲ್ಲ ತುಂಬುತ್ತಿತ್ತು. ಆಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಆ ದನಿ ಎಷ್ಟು ಚೆಂದವಿತ್ತೆಂದರೆ, ಅದಕ್ಕೆ ಎಷ್ಟು ಮಾರ್ಕು ಎಂದು ಯಾರೂ ಕೇಳುತ್ತಿರಲಿಲ್ಲ.

ಹುಡುಗಿ ದೊಡ್ಡ ಶಾಲೆಗೆ ಹೋಗತೊಡಗಿದ ವರ್ಷ ಆ ಊರಿಗೆ ರುದ್ರಮುನಿ ಮಾಸ್ತರು ಎಂಬ ಸಂಗೀತದ ಮಾಸ್ತರು ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬಂದಿದ್ದರು. ತಾಲ್ಲೂಕು ಊರಿನಲ್ಲಿ ತಮ್ಮ ಮನೆಯಲ್ಲೇ ಮಕ್ಕಳನ್ನಿಟ್ಟುಕೊಂಡು, ಉಣ್ಣಲಿಕ್ಕಿ, ಶಾಲೆಗೆ ಕಳಿಸಿ, ಹಾಡು ಕಲಿಸುವವರು. ತಂಗಿಯ ಮನೆಯ ಗೋಧಿ ಡಬ್ಬಿ ಹಿಡಿದು ಗಿರಣಿಗೆ ಬಂದರು. ಬಂದ ಹೊತ್ತಿಗೇ ಕರೆಂಟು ಹೋಯಿತು. ತಿಪ್ಪವ್ವನ ಪದ ಕೇಳಿ ಅವರು ಡಬ್ಬಿ ಇಳಿಸುವುದನ್ನೂ ಮರೆತು ನಿಂತರು. ಪದ ಮುಗಿದ ಮೇಲೆ ಹತ್ತಿರ ಹೋಗಿ, ಇನ್ನೊಂದು ಹೇಳು ತಂಗಿ ಎಂದರು. ಅದೂ ಮುಗಿದ ಮೇಲೆ ಕಣ್ಣೊರೆಸಿಕೊಂಡರು.

ಈ ಹುಡುಗಿಯನ್ನು ನನ್ನ ಮನೆಗೆ ಕಳಿಸಿ, ನನ್ನ ಮಗಳ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವರು ಫಕೀರಪ್ಪನಿಗೆ ಹೇಳಿದರು. ಆದರೆ ಹಾಡುವವರ ಮನಸ್ಸು ಮುಖ್ಯ, ಒಲ್ಲದವರನ್ನು ನಾನು ಕರೆದೊಯ್ಯುವುದಿಲ್ಲ ಎಂದು ಸೇರಿಸಿ, ತಿಪ್ಪವ್ವನ ಕಡೆ ತಿರುಗಿ ನೀನೇ ಹೇಳಬೇಕು ಎಂದರು.

ತಿಪ್ಪವ್ವನ ಮುಖ ಅರಳಿತು. ಹೋಗುವ ಆಸೆ ಅವಳ ಕಣ್ಣಿನಲ್ಲೇ ಇತ್ತು. ಆದರೂ ಅವಳಿಗೆ ಒಂದು ಮಾತು ಬೇಕಿತ್ತು. ಊರಿಗೆಲ್ಲ ನಿಜ ಹೇಳುವ ಅಪ್ಪನ ಬಾಯಿಂದಲೇ ಅದು ಬರಬೇಕಿತ್ತು.

“ಅಪ್ಪಾ, ನನ್ನ ದನಿಗೆ ಎಷ್ಟು?” ಎಂದು ಕೇಳಿದಳು.

ಗಿರಣಿ ತುಂಬ ಜನರಿದ್ದರು. ಎಲ್ಲರ ಕಣ್ಣೂ ಹುಡುಗಿಯ ಮೇಲೆಯೇ ಇತ್ತು. ಫಕೀರಪ್ಪನಿಗೆ ಸಂತೆಯ ದಿನ ನೆನಪಾಯಿತು, ಹೆಗಲ ಮೇಲಿನ ಮಗು ನೆನಪಾಯಿತು. ಬಾಯಿಗೆ ಬಂದ ಹತ್ತನ್ನು ಅವನು ನುಂಗಿಕೊಂಡ.

“ಮೂರು,” ಎಂದ. “ಕೊಟ್ಟಿಗ್ಯಾಗ ಎಮ್ಮಿಕರ ಒದರಿದಂಗ ಐತಿ.”

ಯಾವಾಗಿನಂತೆ ಜನ ನಕ್ಕರು. ವಯಸ್ಸಾದ ಹೆಂಗಸೊಬ್ಬಳು, ಸರಿಯಾಗಿಯೇ ಹೇಳಿದ, ಹಾಗೇ ಹೇಳಬೇಕು ಎಂಬಂತೆ ತಲೆದೂಗಿದಳು. ದೊಡ್ಡವರಿಗೆಲ್ಲ ಅದರ ಅರ್ಥ ಗೊತ್ತಿತ್ತು. ಗೊತ್ತಿಲ್ಲದ್ದು ಒಬ್ಬಳಿಗೇ. ತಿಪ್ಪವ್ವನೂ ಎಲ್ಲರ ಜೊತೆ ನಕ್ಕಳು. ಆಮೇಲೆ ಸಾಣಿಗೆ ಕೆಳಗಿಟ್ಟು ಹೊರಗೆ ಹೋದಳು.

ರಾತ್ರಿ ಮನೆಯಲ್ಲಿ ಮಗಳನ್ನು ಒಪ್ಪಿಸಿದರಾಯಿತು, ಬೆಳಿಗ್ಗೆ ಮಾಸ್ತರ ಜೊತೆ ಕಳಿಸಿದರಾಯಿತು ಎಂದು ಫಕೀರಪ್ಪ ಲೆಕ್ಕ ಹಾಕಿದ್ದ. ಆದರೆ ಸಂಜೆಯೊಳಗೇ ಹುಡುಗಿ ಮಾಸ್ತರ ತಂಗಿಯ ಮನೆಗೆ ಹೋಗಿ, ನಾನು ಬರುವುದಿಲ್ಲ, ಮೂರು ಮಾರ್ಕಿನ ದನಿ ಕಟ್ಟಿಕೊಂಡು ನೀವೇನು ಮಾಡುತ್ತೀರಿ ಎಂದು ಹೇಳಿ ಬಂದಿದ್ದಳು. ಮಾಸ್ತರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಅವರು ಹೊರಗಿನವರು, ಒಳ್ಳೆಯವರು, ಸಮಾಧಾನಕ್ಕೆ ಹೇಳುತ್ತಾರೆ ಎಂದು ಅವಳು ತಿಳಿದಳು. ಮರುದಿನ ಅವರು ಒಬ್ಬರೇ ಬಸ್ಸು ಹತ್ತಿದರು.

ಇಲ್ಲಿ ಫಕೀರಪ್ಪನ ಇನ್ನೊಂದು ತಪ್ಪನ್ನೂ ಹೇಳಬೇಕು. ಸುದ್ದಿ ಕೇಳಿದಾಗ ಅವನಿಗೆ ದುಃಖಕ್ಕಿಂತ ಮೊದಲು ನಿರಾಳವಾಯಿತು. ಮಗಳು ಕಣ್ಣೆದುರೇ ಇರುತ್ತಾಳೆ, ಊರೂರು ಹಾಡಿ ನಾಲ್ಕು ಜನರ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡ. ಹೆದರಿಕೆಯನ್ನೇ ಅವನು ಪ್ರೀತಿ ಎಂದು ಕರೆಯುತ್ತಿದ್ದ. ಒಳ್ಳೆಯ ಮನುಷ್ಯನೇ. ಆದರೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ತಿಪ್ಪವ್ವ ಆಮೇಲೆ ಹಾಡಲಿಲ್ಲ. ಕರೆಂಟು ಹೋದರೆ ಗಿರಣಿಯಲ್ಲಿ ಸಾಣಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ಬೆಳೆದಳು, ನವಲಗುಂದದ ಕಡೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಮನೆ ಒಳ್ಳೆಯದು. ಅವಳ ಮಕ್ಕಳು ಜೋಗುಳ ಕೇಳದೆ ಮಲಗುವುದನ್ನು ಕಲಿತವು.

ಹೀಗೆ ವರ್ಷಗಳು ಕಳೆದ ಮೇಲೆ ನೀಲವ್ವ ಹಾಸಿಗೆ ಹಿಡಿದಳು. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ತಿಪ್ಪವ್ವ ಬಂದು ತಾಯಿಯ ಕಾಲ ಬಳಿ ಕೂತಳು. ನೀಲವ್ವನಿಗೆ ಅನ್ನ ಬೇಡವಾಗಿತ್ತು, ಗಂಜಿ ಬೇಡವಾಗಿತ್ತು. ಮಗಳ ಕೈ ಹಿಡಿದು, ತವರಿನ ಒಂದು ಪದ ಹಾಡು ಎಂದು ಕೇಳಿದಳು.

ತಿಪ್ಪವ್ವ ತಲೆ ತಗ್ಗಿಸಿದಳು. “ಬ್ಯಾಡ ಯವ್ವಾ. ಮೊದ್ಲ ನಿನಗ ತ್ರಾಸ ಆಗೇತಿ. ನನ್ನ ದನಿ ಕೇಳಿ ಇನ್ನಷ್ಟು ಆಗೂದ ಬ್ಯಾಡ.”

ಅವಳು ಮುನಿಸಿನಿಂದ ಹಾಗೆ ಹೇಳಲಿಲ್ಲ. ತಾಯಿಗೆ ಹಿತವಾಗಲಿ ಎಂದೇ ಹೇಳಿದಳು. ನೀಲವ್ವ ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ನೋಡಿದಳು.

“ಈಗರ ಹೇಳ್ರಿ,” ಎಂದಳು.

ಫಕೀರಪ್ಪ ಹೇಳಲಿಲ್ಲ. ಮನೆಯೊಳಗೆ ಸಾವು ಬಂದು ಕೂತಿರುವ ಹೊತ್ತಿನಲ್ಲಿ ಮಗಳನ್ನು ಹೊಗಳಲು ಅವನಿಗೆ ಧೈರ್ಯ ಬರಲಿಲ್ಲ. ಹೆಂಡತಿ ಹೋಗುತ್ತಾಳೆ, ಮಗಳಾದರೂ ಉಳಿಯಲಿ ಎಂದು ಬಾಯಿ ಬಿಗಿಹಿಡಿದ. ನೀಲವ್ವ ಮಗಳ ಹಾಡು ಕೇಳದೆಯೇ ಮರುದಿನ ಕಣ್ಣು ಮುಚ್ಚಿದಳು.

ದಿನಕರ್ಮ ಮುಗಿದು ನೆಂಟರೆಲ್ಲ ಹೋದರು. ತಿಪ್ಪವ್ವನೂ ಬ್ಯಾಗು ತುಂಬಿಕೊಂಡು ಬಸ್ಸಿನ ಹೊತ್ತಿಗೆ ಕಾಯುತ್ತ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದಳು. ಫಕೀರಪ್ಪ ಬಂದು ಪಕ್ಕದಲ್ಲಿ ಕೂತ. ಹೆಂಡತಿಯ ಕೊನೆಯ ಮಾತು ಅವನನ್ನು ಉಣ್ಣಲು ಬಿಟ್ಟಿರಲಿಲ್ಲ, ಮಲಗಲು ಬಿಟ್ಟಿರಲಿಲ್ಲ. ಅವತ್ತು ಅವನು ಎಲ್ಲವನ್ನೂ ಹೇಳಿದ. ಸಂಗಮೇಶನ ಸಂತೆಯ ಕಥೆ ಹೇಳಿದ, ತಿಪ್ಪೆಯ ಕಥೆ ಹೇಳಿದ, ಹೊಗಳಬಾರದೆಂಬ ಕಾವಲಿನ ಮಾತು ಹೇಳಿದ. ಕೊನೆಗೆ ಮಗಳ ಎರಡೂ ಕೈ ಹಿಡಿದುಕೊಂಡ.

“ನಿನ್ನ ದನಿ ಹತ್ತು, ಯವ್ವಾ. ಅವತ್ತೂ ಹತ್ತ ಇತ್ತು. ನಾ ಸುಳ್ಳ ಹೇಳಿದ್ನಿ.”

ತಿಪ್ಪವ್ವ ಅಪ್ಪನ ಮುಖವನ್ನು ನೋಡಿದಳು. ಬಡವಾಗಿದ್ದ ಮುಖ, ಬೆಳೆದ ಗಡ್ಡ, ಅತ್ತು ಕೆಂಪಾದ ಕಣ್ಣು.

“ಅವ್ವ ಹೋದ ದುಃಖದಾಗ ಹಿಂಗ ಅನ್ನಾಕತ್ತೀ ಅಪ್ಪಾ,” ಎಂದಳು ಮೆಲ್ಲಗೆ. “ನನಗ ಸಮಾಧಾನ ಆಗಲಂತ ಹೇಳ್ತಿ, ತಿಳೀತೈತಿ. ಸ್ವಾಮಿಗೋಳ ಮುಂದ ಸೈತ ಖರೇ ಹೇಳಿದಾಂವ ನೀ. ಗಿರಣಿ ತುಂಬ ಮಂದಿ ಕುಂತಾಗ, ಹೆತ್ತ ಮಗಳಿಗೆ ಸುಳ್ಳ ಮಾರ್ಕ ಕೊಡ್ತೀಯೇನು?”

ಫಕೀರಪ್ಪ ಇಲ್ಲವೆಂದ, ಆಣೆ ಮಾಡಿದ, ಮತ್ತೆ ಮತ್ತೆ ಹತ್ತು ಎಂದ. ಅವನು ಹೇಳಿದಷ್ಟೂ ಅವಳಿಗೆ ಅಪ್ಪನ ಮೇಲೆ ಮರುಕ ಹೆಚ್ಚಿತು. ಆಗಲಿ, ಹತ್ತೇ ಅನ್ನೋಣ ಎಂದು ಸಣ್ಣ ಮಗುವನ್ನು ರಮಿಸುವಂತೆ ಒಪ್ಪಿಕೊಂಡು, ಅವನ ಕಣ್ಣೀರನ್ನು ತನ್ನ ಸೆರಗಿನಿಂದ ಒರೆಸಿದಳು. ಹೊತ್ತು ಹೊತ್ತಿಗೆ ಉಣ್ಣಬೇಕು, ಮಾತ್ರೆ ಮರೆಯಬಾರದು ಎಂದು ಹೇಳಿದಳು. ಅಷ್ಟರಲ್ಲಿ ಬಸ್ಸು ಬಂತು. ಅವಳು ಕಿಟಕಿಯ ಪಕ್ಕ ಕೂತು ಕೈ ಬೀಸಿದಳು, ಒಂದಿಷ್ಟೂ ನಂಬದೆ ಹೊರಟುಹೋದಳು.

ನೀತಿ: ಛತ್ರಿಗೆ, ಕುಕ್ಕರಿಗೆ, ಟೀವಿಯೊಳಗಿನವರಿಗೆ ನೀವು ಎಷ್ಟು ಮಾರ್ಕು ಕೊಟ್ಟರೂ ಅವು ಬೆಳೆಯುವುದೂ ಇಲ್ಲ, ಬಾಡುವುದೂ ಇಲ್ಲ. ನಿಮ್ಮ ಮಕ್ಕಳು ಹಾಗಲ್ಲ. ನೀವು ಹೇಳಿದ್ದನ್ನೇ ಅವರು ತಮ್ಮ ಬೆಲೆ ಎಂದು ನಂಬಿ ಬದುಕುತ್ತಾರೆ. ಅವರ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಒಳ್ಳೆಯ ಮಾತನ್ನು ಅವರು ಕೇಳಿದ ದಿನವೇ ಹೇಳಿಬಿಡಿ. ತಡವಾಗಿ ಹೇಳಿದರೆ ನಿಜವೂ ಬರಿಯ ಸಮಾಧಾನದ ಮಾತಾಗಿ ಕೇಳಿಸುತ್ತದೆ.