ಮುಚ್ಚಿದ ತುಂಡು

ಹೇಮಾವತಿ ನದಿಯ ದಡದಲ್ಲೊಂದು ಸಣ್ಣ ಆಶ್ರಮ. ಅಲ್ಲಿನ ಗುರು ನಂಜಯ್ಯನವರಿಗೆ ವಿಚಿತ್ರವಾದ ಒಂದು ಕಾಯಕವಿತ್ತು. ಕಂಪ್ಯೂಟರ್ ನಡೆಸುವ ಒಂದು ತಂತ್ರಾಂಶವನ್ನು ಅವರು ಕಾಯುತ್ತಿದ್ದರು.

ಬೇರೆ ಬೇರೆ ದೇಶಗಳ ನೂರಾರು ಜನ ಕೂಡಿ ಬರೆಯುತ್ತಿದ್ದ ತಂತ್ರಾಂಶ ಅದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ನಡುನಡುವೆ ಕಂಪನಿಗಳು ಕೊಟ್ಟ, ಒಳಗೇನಿದೆಯೆಂದು ಯಾರಿಗೂ ತಿಳಿಯದ ಮುಚ್ಚಿದ ತುಂಡುಗಳೂ ಸೇರಿಕೊಳ್ಳುತ್ತಿದ್ದವು. ಪ್ರತಿ ಹೊಸ ಆವೃತ್ತಿ ಬಂದಾಗಲೂ ಗುರುಗಳು ಅವನ್ನು ಹುಡುಕಿ ತೆಗೆದು, ಪೂರ್ತಿ ಮುಕ್ತವಾದ ಪ್ರತಿಯೊಂದನ್ನು ಜನರಿಗೆ ಕೊಡುತ್ತಿದ್ದರು.

ಅವರಿಗೆ ವಯಸ್ಸಾದ ಮೇಲೆ ಆ ಕೆಲಸ ಶಿಷ್ಯ ನಿಜಗುಣನ ಪಾಲಿಗೆ ಬಂತು.

ಒಂದು ದಿನ ಪಕ್ಕದ ಊರಿನ ಶಾಲೆಯಿಂದ ಜಯಶೀಲಾ ಟೀಚರ್ ಬಂದರು.

"ನಿಮ್ಮದನ್ನ ಹಾಕಿದ ಮೇಲೆ ನಮ್ಮ ಕಂಪ್ಯೂಟರಿಗೆ ವೈಫೈ ಸಿಗ್ತಿಲ್ಲಪ್ಪ. ಮಕ್ಕಳು ದಿನಾ ಆಸೆಯಿಂದ ಬಂದು, ಸುಮ್ಮನೆ ಎದ್ದು ಹೋಗ್ತಾವೆ."

ನಿಜಗುಣ ಆ ರಾತ್ರಿಯೇ ಕೆಲಸಕ್ಕೆ ಕೂತ. ತೆಗೆದುಹಾಕಿದ್ದರಲ್ಲಿ ವೈಫೈ ನಡೆಸುವ ಒಂದೇ ಒಂದು ತುಂಡನ್ನು ಸದ್ದಿಲ್ಲದೆ ಮತ್ತೆ ಸೇರಿಸಿ, ಆ ಪ್ರತಿಯನ್ನೇ ಎಲ್ಲರಿಗೂ ಬಿಟ್ಟ. ಶಾಲೆಗೆ ವೈಫೈ ಬಂತು.

ವಾರದೊಳಗೆ ಯಾರೋ ದೂರದವರು ಪತ್ರ ಬರೆದರು: "ನಿಮ್ಮ ಪ್ರತಿಯಲ್ಲಿ ಒಂದು ತುಂಡು ಓದಲು ಆಗುತ್ತಿಲ್ಲ. ಒಳಗೇನಿದೆ, ದಯವಿಟ್ಟು ತಿಳಿಸಿ."

ಎರಡು ದಿನ ನಿಜಗುಣ ಆ ತುಂಡನ್ನು ಬಿಡಿಸಿ ಓದಲು ಹೆಣಗಿದ; ಆಗಲಿಲ್ಲ. ಮೂರನೆಯ ದಿನ ಗುರುಗಳ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ.

ಗುರುಗಳು ಬೈಯಲಿಲ್ಲ.

"ಒಳಗೇನಿದೆ?" ಎಂದರು.

"ಗೊತ್ತಿಲ್ಲ ಗುರುಗಳೇ."

"ಅದನ್ನೇ ಬರೆ."

ನಿಜಗುಣ ಅದನ್ನೇ ಬರೆದ. ತಪ್ಪು ತನ್ನದೆಂದೂ ಬರೆದ. ಆ ತುಂಡನ್ನು ಕಿತ್ತು, ಎಲ್ಲರಿಗೂ ಬೇರೆ ಪ್ರತಿ ಕಳಿಸಿದ. ಆಮೇಲೂ ಅವನು ಅಲ್ಲಿಂದ ಕದಲಲಿಲ್ಲ.

"ಶಾಲೆಯಲ್ಲಿ ವೈಫೈ ಮತ್ತೆ ಹೋಗುತ್ತೆ. ಆ ಮಕ್ಕಳಿಗೆ ಏನು ಹೇಳಲಿ ಗುರುಗಳೇ?"

ಗುರುಗಳು ತಮ್ಮ ಹಳೆಯ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರ ಪಕ್ಕಕ್ಕೆ ಸಿಕ್ಕಿಸಿದ್ದ, ವೈಫೈ ಹಿಡಿದುಕೊಡುವ ಬೆರಳುದ್ದದ ಡಾಂಗಲನ್ನು ಕಿತ್ತು ಅವನ ಅಂಗೈಯಲ್ಲಿಟ್ಟರು. ಮುಚ್ಚಿದ ತುಂಡಿನ ಹಂಗಿಲ್ಲದೆ ನಡೆಯುವಂಥದ್ದು ಆಶ್ರಮದಲ್ಲಿ ಅದೊಂದೇ ಇತ್ತು. ಅಂಗಡಿಗಳಲ್ಲಿ ಅದೀಗ ಸಿಗುತ್ತಿರಲಿಲ್ಲ. ನಿಜಗುಣನ ಕಂಪ್ಯೂಟರಿಗೆ ಇಂಟರ್ನೆಟ್ ತಂತಿಯಲ್ಲಿ ಬರುತ್ತಿತ್ತು; ಗುರುಗಳ ಲ್ಯಾಪ್‌ಟಾಪಿಗೆ ಇದೊಂದೇ ದಾರಿ.

"ಟೀಚರಮ್ಮನಿಗೆ ಕೊಟ್ಟು ಬಾ."

ನಿಜಗುಣ ಗಾಬರಿಯಾದ. "ಇದು ಹೋದರೆ ನಿಮಗೆ ಬರೋ ಪತ್ರಗಳು? ಹೊಸ ಆವೃತ್ತಿ? ಏನನ್ನೂ ನೀವು ನೋಡೋಕಾಗಲ್ಲ!"

ಗುರುಗಳು ಲ್ಯಾಪ್‌ಟಾಪ್ ಮುಚ್ಚಿದರು.

"ಇನ್ನು ಮೇಲೆ ನೀನೇ ನೋಡಿ ಹೇಳಪ್ಪ. ನಂಬ್ತೀನಿ."