ನೇಕಾರರ ನೂರು ಮನೆಗಳು

"ಗುರುಗಳೇ, ಜನರಿಗೆ ಮನೆ ಒದಗಿಸಬೇಕಾದವನು ಅರಸನೋ, ವರ್ತಕನೋ?"

ಕೇಳಿದವನು ಚನ್ನವೀರ. ಅವನ ವಿದ್ಯೆ ಮುಗಿದಿತ್ತು. ಮರುವಾರ ಅವನು ಅರಸನ ಕಚೇರಿಯಲ್ಲಿ ಕೆಲಸಕ್ಕೆ ಸೇರುವವನಿದ್ದ. ಗುರುಗಳು ಕೂತುಕೊಳ್ಳಲು ಹೇಳಿ ಒಂದು ಕತೆ ಹೇಳಿದರು.

ಒಂದು ಪಟ್ಟಣಕ್ಕೆ ನಲವತ್ತು ನೇಕಾರ ಕುಟುಂಬಗಳು ವಲಸೆ ಬಂದವು. ಅವರ ಊರು ಯುದ್ಧದಲ್ಲಿ ಸುಟ್ಟುಹೋಗಿತ್ತು. ಪಟ್ಟಣದ ಒಬ್ಬ ವರ್ತಕನಿಗೆ ಬಟ್ಟೆ ಬೇಕಾಗಿತ್ತು. ಅವನು ತನ್ನ ಜಾಗದಲ್ಲಿ ಎರಡೇ ತಿಂಗಳಲ್ಲಿ ಮಣ್ಣಿನ ಮನೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಟ್ಟ. ಪ್ರತಿ ಮನೆಯ ನೆಲದಲ್ಲೂ ಮಗ್ಗಕ್ಕೆ ಗುಂಡಿ ತೋಡಿಸಿದ್ದ. ನೇಕಾರ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೇನೇ ನೇಯಲು ಸಾಧ್ಯ. ಎಲ್ಲರೂ ಕೆಲಸ ಹಿಡಿದರು.

ಮರುವರ್ಷ ಇನ್ನಷ್ಟು ಜನ ಬಂದರು. ಒಂದು ಮನೆಗೆ ಮೂರು ಕುಟುಂಬಗಳು ಕಾದು ನಿಂತವು. ವರ್ತಕ ಬಾಡಿಗೆ ಏರಿಸಿದ. ಒಬ್ಬ ನೇಕಾರನಿಗೆ ಅದನ್ನು ಕೊಡಲಾಗಲಿಲ್ಲ. ಅವನು ಮಗ್ಗ ಬಿಚ್ಚಿಕೊಂಡು ಹೆಂಡತಿ ಮಕ್ಕಳೊಡನೆ ಹುಣಸೆ ಮರದ ಕೆಳಗೆ ಬಂದು ನಿಂತ. ಒಂದು ಮಳೆಗೆ ನೂಲೆಲ್ಲ ಕೊಳೆಯಿತು. ಅವನು ಕೈಚೆಲ್ಲಿ ಕೂತ. ಆಗ ಅವನ ಹೆಂಡತಿ ಅರಸನ ಬಳಿಗೆ ಹೋದಳು.

ಅರಸ ಮರುಗಿದ. ಒಳ್ಳೆಯವನೇ. ನೇಕಾರರಿಗಾಗಿ ನೂರು ಕಲ್ಲಿನ ಮನೆ ಕಟ್ಟಿಸಲು ಅಪ್ಪಣೆ ಕೊಟ್ಟ. ವರ್ಷದೊಳಗೆ ಮನೆಗಳು ಎದ್ದವು. ಎಲ್ಲವೂ ಒಂದೇ ಅಳತೆ, ಬಾಡಿಗೆಯಿಲ್ಲ. ಮೊದಲನೆಯ ಬೀಗದ ಕೈಯನ್ನು ಆ ಹೆಂಗಸಿಗೇ ಕೊಡಿಸಿದ.

ಆರು ತಿಂಗಳು ಕಳೆದ ಮೇಲೆ ಅರಸ ನೋಡಲು ಬಂದ. ಹೆಚ್ಚಿನ ಮನೆಗಳು ಖಾಲಿಯಾಗಿದ್ದವು. ಕೆಲವುಗಳಲ್ಲಿ ಕಾವಲುಗಾರರು ಹುಲ್ಲು ತುಂಬಿದ್ದರು. ಆ ಹೆಂಗಸಿನ ಮನೆಗೂ ಬೀಗ. ಅವಳು ಗಂಡ ಮಕ್ಕಳೊಡನೆ ವರ್ತಕನ ಸಾಲಿನಲ್ಲಿ, ಇನ್ನೊಬ್ಬರ ಮನೆಯ ಅರ್ಧ ಭಾಗದಲ್ಲಿದ್ದಳು. ಅರಸ ಅವಳನ್ನು ಕರೆಸಿದ.

"ಬಿಟ್ಟಿಯಾಗಿ ಕೊಟ್ಟ ಮನೆ ಬಿಟ್ಟು ಬಾಡಿಗೆ ಮನೆಗೆ ಹೋದೆಯಲ್ಲ, ಏನಮ್ಮ ಕಡಿಮೆಯಾಗಿತ್ತು?"

ಅವಳು ಬೀಗ ತೆಗೆದಳು. "ಒಳಗೆ ಬನ್ನಿ ಸ್ವಾಮಿ. ನೇಯುವವರ ಹಾಗೆ ಒಮ್ಮೆ ಕೂತು ನೋಡಿ."

ಅರಸ ಕೂತ. ಕಾಲು ಇಳಿಬಿಡಲು ಜಾಗವಿರಲಿಲ್ಲ. ನೆಲದುದ್ದಕ್ಕೂ ಚಪ್ಪಡಿ ಕಲ್ಲು ಹಾಸಿತ್ತು.

"ಕಲ್ಲು ಕೀಳಲು ಅಪ್ಪಣೆ ಕೇಳಿದೆವು. ಅರಮನೆಯ ಆಸ್ತಿ, ಮುಟ್ಟಬಾರದು ಎಂದರು ಕಾವಲುಗಾರರು. ಇಲ್ಲಿ ಮಲಗಬಹುದು ಸ್ವಾಮಿ, ಬದುಕಲಿಕ್ಕೆ ಆಗುವುದಿಲ್ಲ."

ಅರಸ ಚಪ್ಪಡಿಯ ಮೇಲೆ ಕೈಯಾಡಿಸಿ ಎದ್ದ. ಮರುದಿನ ಕಲ್ಲು ಕೀಳಲು ಒಪ್ಪಿಗೆ ಕೊಟ್ಟ. ಅಷ್ಟೂ ಸಾಲಲಿಲ್ಲ, ಕುಟುಂಬಗಳು ಇನ್ನೂರಾಗಿದ್ದವು. ಅವನು ಹೊಸ ಮನೆಗಳಿಗಾಗಿ ಪೇಟೆಯ ಪಕ್ಕದ ಜಾಗ ಬಿಟ್ಟುಕೊಟ್ಟು ಬಾವಿ ತೋಡಿಸಿದ. ಮರ, ಹೆಂಚು, ಬಡಗಿಗಳನ್ನು ವರ್ತಕ ತಂದ. ಅವನು ಕೇಳುವ ಬೆಲೆಗೆ ಅರಸ ಒಂದು ಮಿತಿ ಹಾಕಿದ. ಅದರ ಬಗ್ಗೆ ಇಬ್ಬರಿಗೂ ಕೊನೆಯವರೆಗೆ ಜಗಳವಿತ್ತು. ಅಳತೆಯನ್ನು ಮಾತ್ರ ಆ ಹೆಂಗಸು ಮತ್ತು ಅವಳ ಗಂಡ ನೆಲದ ಮೇಲೆ ನೂಲು ಎಳೆದು ತೋರಿಸಿದರು. ಮೂರು ವರ್ಷ ಹಿಡಿಯಿತು. ಕೆಲವು ಮನೆಗಳಿಗೆ ಆಗಲೂ ಬಾಗಿಲಿರಲಿಲ್ಲ. ಆದರೆ ಒಂದೂ ಖಾಲಿ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಸ್ವಲ್ಪ ಯೋಚಿಸಿ ಕೇಳಿದ: "ಹಾಗಾದರೆ ಕೊನೆಗೆ ಮನೆ ಒದಗಿಸಿದವನು ಅರಸನೆನ್ನಬೇಕೋ, ವರ್ತಕನೆನ್ನಬೇಕೋ?"

ಗುರುಗಳು ಹೇಳಿದರು: "ನಿನ್ನ ಪ್ರಶ್ನೆಯಲ್ಲಿ ಅರಸನಿದ್ದಾನೆ, ವರ್ತಕನಿದ್ದಾನೆ, ನೂಲು ಎಳೆದು ತೋರಿಸಿದವರಿಲ್ಲ. ಆ ಮನೆಯಲ್ಲಿ ಇನ್ನೂ ಯಾರೂ ವಾಸವಾಗಿಲ್ಲ, ಚನ್ನವೀರ."