ಮುನ್ನೂರು ಕುದುರೆ, ಇಪ್ಪತ್ತು ದಿನದ ಹುರುಳಿ

“ಗುರುಗಳೇ, ಇಬ್ಬರು ದೊರೆಗಳು ಒಬ್ಬರಿಗೊಬ್ಬರು ಹೆದರಿ ಸೈನ್ಯ ಬೆಳೆಸುತ್ತಾರೆ. ಇಬ್ಬರಿಗೂ ಯುದ್ಧ ಬೇಡ. ಆದರೂ ಒಬ್ಬ ಮೊದಲು ನುಗ್ಗಿಬಿಡುತ್ತಾನೆ. ಯಾಕೆ?” ಎಂದು ಶಿಷ್ಯ ಪುಟ್ಟಸೋಮ ಕೇಳಿದ.

ಗುರುಗಳು ನಕ್ಕರು. “ಬೆಳಗಾಗುತ್ತಲೇ ದೊರೆಗಳ ಉಸಾಬರಿ ಹಚ್ಚಿಕೊಂಡೆಯಾ? ಕೂತುಕೋ, ಹೇಳುತ್ತೇನೆ.”

ಒಬ್ಬ ದೊರೆ ಇದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನನ್ನು ನೆರೆರಾಜ್ಯದ ದೊರೆಗೆ ಕೊಟ್ಟಿತ್ತು. ಅಕ್ಕನೆಂದರೆ ಅವನಿಗೆ ಪ್ರಾಣ. ಒಂದು ವರ್ಷ, ಭಾವ ಕುದುರೆ ಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಬಂತು. ಯಾಕೆಂದು ಕೇಳಿಕಳಿಸಬಹುದಿತ್ತು. ಕೇಳಿದರೆ ಹೆದರಿದ ಹಾಗೆ ಕಾಣುತ್ತದಂತೆ! ದೊಡ್ಡಸ್ತಿಕೆ ನೋಡು. ತಾನೂ ಮುನ್ನೂರು ಕುದುರೆ ಕೊಳ್ಳಲು ಅಪ್ಪಣೆ ಮಾಡಿದ.

ಬೊಕ್ಕಸ ನೋಡಿಕೊಳ್ಳುತ್ತಿದ್ದ ಮುದುಕ ಕೈಮುಗಿದ. “ಪ್ರಭು, ಕೊಳ್ಳುವುದಕ್ಕೆ ಹಣವಿದೆ. ಸಾಕುವುದಕ್ಕೆ ಇಲ್ಲ. ನೂರು ಸಾಕು.”

“ಶತ್ರು ಬಂದರೆ ನಿನ್ನ ಕಡತ ಅಡ್ಡ ಹಿಡಿಯುತ್ತೀಯಾ?” ಎಂದ ದೊರೆ. ಮುದುಕ ಕಡತ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ.

ಕುದುರೆಗಳು ಬಂದವು. ಊರಿಗೆ ಊರೇ ನೋಡಲು ನೆರೆಯಿತು. ಎಲ್ಲಕ್ಕೂ ಅರಮನೆಯ ಮುದ್ರೆ ಒತ್ತಿದರು. ಆದರೆ ಕುದುರೆ ಓಡಿದರೂ ತಿನ್ನುತ್ತದೆ, ನಿಂತರೂ ತಿನ್ನುತ್ತದೆ. ಹುರುಳಿಗೆ ಹಣ ಹೊಂದಿಸಲು ದೊರೆ ಸುಂಕ ಇಮ್ಮಡಿ ಮಾಡಿದ. ವರ್ತಕರು ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದರು. ಸುಂಕದವನು ಕಟ್ಟೆಯ ಮೇಲೆ ನೊಣ ಹೊಡೆಯುತ್ತ ಕೂತ. ಆಮೇಲೆ ಒಕ್ಕಲಿನವರು ಬಿತ್ತನೆಗೆಂದು ಇಟ್ಟಿದ್ದ ಹುರುಳಿಯನ್ನೂ ತರಿಸಿದ. ಬಿತ್ತದ ಮೇಲೆ ಬೆಳೆ ಎಲ್ಲಿಂದ ಬರಬೇಕು?

ಕೊನೆಗೆ ಮುದುಕ ಬಂದು, “ಹುರುಳಿ ಇನ್ನು ಇಪ್ಪತ್ತು ದಿನಕ್ಕಿದೆ. ಅರ್ಧ ಕುದುರೆ ಮಾರಿಬಿಡೋಣ,” ಎಂದ.

ಮುದ್ರೆ ಬಿದ್ದ ಕುದುರೆಯನ್ನು ಮಾರುವುದೆಂದರೆ ಆ ವಂಶದಲ್ಲಿ ಹೆಂಡತಿಯ ತಾಳಿ ಮಾರಿದಷ್ಟು ಅವಮಾನ. ದೊರೆ ಒಪ್ಪಲಿಲ್ಲ. ಇಪ್ಪತ್ತು ದಿನ ಒದ್ದಾಡಿದ. ಹುರುಳಿ ಮುಗಿಯಿತು. ಹಸಿದ ಕುದುರೆ ಯಾವ ಕೋಟೆಯನ್ನೂ ಕಾಯುವುದಿಲ್ಲ. ಹತ್ತಿರದಲ್ಲಿ ಹುರುಳಿ ಇದ್ದರೆ ಭಾವನ ಕಣಜದಲ್ಲಿ. ಅಕ್ಕನನ್ನು ನೆನೆದು ದೊರೆ ಬಿಕ್ಕಿ ಬಿಕ್ಕಿ ಅತ್ತ, ಪಾಪ. ಅತ್ತು ಮುಖ ತೊಳೆದುಕೊಂಡು ದಂಡೆತ್ತಿ ಹೊರಟ.

ಯುದ್ಧದಲ್ಲಿ ಭಾವ ಸತ್ತ. ದೊರೆ ಹೋಗಿ ಕಣಜದ ಬಾಗಿಲು ತೆಗೆಸಿದ. ತಳದಲ್ಲಿ ಎರಡು ದಿನಕ್ಕಾಗುವಷ್ಟು ಹುರುಳಿ ಇತ್ತು, ಅಷ್ಟೇ. ಹಿಂದೆ ಅಕ್ಕ ಬಂದು ನಿಂತಿದ್ದಳು.

“ಇಷ್ಟೇನಾ ಎಂದು ನೋಡುತ್ತೀಯಾ, ತಮ್ಮಾ? ಇಷ್ಟೇ. ನಿನಗೆ ಹೆದರಿಯೇ ಅವರು ಕುದುರೆ ಕೊಂಡದ್ದು. ಇದು ಮುಗಿದ ದಿನ ನಿನ್ನ ಕಣಜಕ್ಕೆ ಬರುವುದೆಂದು ಹೊರಡಲು ಸಿದ್ಧರಾಗಿದ್ದರು. ನಿನ್ನನ್ನು ನೆನೆದು ಅವರೂ ಅತ್ತರು,” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಪುಟ್ಟಸೋಮನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಇಬ್ಬರಲ್ಲಿ ಕೆಟ್ಟವನು ಯಾರು, ಗುರುಗಳೇ?”

“ಅದು ನನಗೂ ಗೊತ್ತಿಲ್ಲಪ್ಪ, ದೊರೆಯ ಹುರುಳಿ ಎರಡು ದಿನ ಮುಂಚೆ ಮುಗಿಯಿತು ಎನ್ನುವುದು ಮಾತ್ರ ಗೊತ್ತು.”